ಹಳೆಯ ಕಂಪ್ಯೂಟರನ್ನು ಶಾಲೆಗೆ ಕೊಡುವ ಮುಂಚೆ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಪತ್ತಿನ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ನಾನು ಭಾಷಣ ಮಾಡೋನಲ್ಲ. ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಈ ಊರಿನ ಹುಡುಗ.

2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಸ ಯಂತ್ರ ಬಂದ ಕಡೆ ಹಳೆಯವು ಮೂಲೆ ಸೇರುತ್ತವೆ. ನಮ್ಮಲ್ಲೂ ಮೂರು ಕಂಪ್ಯೂಟರ್ ಗೊಬ್ಬರದ ಗೋದಾಮಿನಲ್ಲಿ ಕೂತಿವೆ. ರಜತ ಮಹೋತ್ಸವದ ನೆನಪಿಗೆ ಅವನ್ನು ನಮ್ಮೂರ ಸರ್ಕಾರಿ ಶಾಲೆಗೆ ಕೊಡೋಣ ಅಂತ ಅಧ್ಯಕ್ಷರು ಹೇಳಿದರು. ನನಗೆ ಸಂತೋಷವೇ. ಆದರೆ ಇವತ್ತೇ ಹಾರ ಹಾಕಿ ಕೊಡೋದು ಬೇಡ ಅಂತ ಕೇಳಿಕೊಂಡೆ. ಕಾರಣ ಹೇಳ್ತೀನಿ.

ಕೆಲವು ವರ್ಷದ ಹಿಂದೆ ನಾವು ಗೆಳೆಯರು ಒಂದು ಕಚೇರಿಯಿಂದ ಎಂಟು ಹಳೇ ಕಂಪ್ಯೂಟರ್ ಬೇಡಿ ತಂದು ಒಂದು ಶಾಲೆಗೆ ಕೊಟ್ಟೆವು. ತೆಂಗಿನಕಾಯಿ ಒಡೆದು ಫೋಟೋ ಹೊಡೆಸಿಕೊಂಡದ್ದೂ ಆಯಿತು. ಮರುವರ್ಷ ಹೋದರೆ ನಡೀತಿದ್ದದ್ದು ಎರಡೇ. ಉಳಿದ ಆರಕ್ಕೆ ಬಟ್ಟೆ ಹೊದಿಸಿದ್ದರು. ಮುಖ್ಯ ಶಿಕ್ಷಕರು, "ಸ್ವಾಮಿ, ಸ್ಟಾಕ್ ಬುಕ್ಕಿನಲ್ಲಿ ಬರೆದುಬಿಟ್ಟಿದ್ದೀನಿ, ಬಿಸಾಕೋ ಹಾಗೂ ಇಲ್ಲ, ನಡೆಸೋ ಹಾಗೂ ಇಲ್ಲ" ಅಂದರು. ನಾಚಿಕೆಯಾಯಿತು. ರಿಪೇರಿ ಕಸುಬಿನವನಾಗಿ ನಾನೇ ಒಂದನ್ನೂ ಬಿಚ್ಚಿ ನೋಡಿರಲಿಲ್ಲ.

ಕೆನಡಾ ದೇಶದಲ್ಲಿ 1993ರಿಂದ 'ಕಂಪ್ಯೂಟರ್ಸ್ ಫಾರ್ ಸ್ಕೂಲ್ಸ್' ಅನ್ನೋ ಯೋಜನೆ ಇದೆ. ಅಲ್ಲಿ ಕಚೇರಿಯ ಹಳೇ ಯಂತ್ರ ನೆಟ್ಟಗೆ ಶಾಲೆಗೆ ಹೋಗಲ್ಲ. ಮೊದಲು ದುರಸ್ತಿ ಕೇಂದ್ರಕ್ಕೆ ಹೋಗುತ್ತೆ, ಅಲ್ಲಿ ಯುವಕರು ಕೆಲಸ ಕಲಿಯುತ್ತಾ ಸರಿಮಾಡಿ ಆಮೇಲೆ ಕಳಿಸುತ್ತಾರೆ.

ದುರಸ್ತಿ ಅಂದರೆ ಗಾಬರಿ ಬೇಡ. ಎಷ್ಟೋ ಸಲ ಒಳಗೆ ಧೂಳು ತುಂಬಿರುತ್ತೆ. ರ‍್ಯಾಮ್ ಪಟ್ಟಿಯನ್ನು ಬಿಚ್ಚಿ ಮಕ್ಕಳ ರಬ್ಬರಿನಿಂದ ಉಜ್ಜಿ ಹಾಕಿದರೆ ಸತ್ತಿತು ಅಂದುಕೊಂಡದ್ದು ಎದ್ದು ಕೂರುತ್ತೆ. ತಾರೀಖು ತಪ್ಪು ತೋರಿಸಿದರೆ ಗುಂಡಿಯಷ್ಟು ದಪ್ಪದ ಸೆಲ್ ಬದಲಿಸಬೇಕು, ಅಷ್ಟೇ. ನಿಧಾನ ಅನ್ನೋದಕ್ಕೆ ಸಾಮಾನ್ಯವಾಗಿ ತಿರುಗೋ ಹಾರ್ಡ್ ಡಿಸ್ಕ್ ಕಾರಣ. ಅದನ್ನು ತೆಗೆದು ಎಸ್.ಎಸ್.ಡಿ. ಹಾಕಿದರೆ ಹತ್ತು ವರ್ಷದ ಯಂತ್ರವೂ ಚುರುಕಾಗುತ್ತೆ. ಮದರ್‌ಬೋರ್ಡೇ ಸುಟ್ಟಿದ್ದರೆ ಆಸೆ ಬಿಡಿ, ಬಿಡಿಭಾಗಕ್ಕೆ ಇಟ್ಟುಕೊಳ್ಳೋಣ.

ಇನ್ನೊಂದು ತೊಡಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕಂಪನಿ ನಿಲ್ಲಿಸಿತು. ವಿಂಡೋಸ್ 11 ಹಳೇ ಯಂತ್ರಗಳಲ್ಲಿ ಬಹಳಷ್ಟನ್ನು ಒಪ್ಪಲ್ಲ. ಹಾಗಂತ ಅವು ಕೆಟ್ಟಿಲ್ಲ. ಲಿನಕ್ಸ್ ಹಾಕಬಹುದು, ಕಾಸಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಅದರಲ್ಲೇ ಕಲಿಸುತ್ತಿವೆ. ಕನ್ನಡ ಟೈಪಿಂಗೂ ಆಗುತ್ತೆ, ನಮ್ಮ ಕೀಲಿಮಣೆ ವಿನ್ಯಾಸವೇ ಸಿಗುತ್ತೆ. ಚಿತ್ರ ಬರೆಯೋಕೆ ಟಕ್ಸ್ ಪೇಂಟ್, ಗಣಿತಕ್ಕೆ ಜಿಯೋಜೀಬ್ರಾ ಹಾಕಿಕೊಡಬಹುದು. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತೆ.

ಈಗ ಸದಸ್ಯರು ಕಿವಿಗೊಟ್ಟು ಕೇಳಬೇಕಾದ ಮಾತು. ಆ ಮೂರು ಯಂತ್ರದಲ್ಲಿ ನಿಮ್ಮೆಲ್ಲರ ಸಾಲದ ಲೆಕ್ಕ, ಪಹಣಿ ನಂಬರು, ಆಧಾರ್ ನಂಬರು ಇವೆ. 'ಡಿಲೀಟ್' ಒತ್ತಿದರೆ ಹೋಗಲ್ಲ. ಅದು ಪುಸ್ತಕದ ಪರಿವಿಡಿ ಹರಿದ ಹಾಗೆ, ಒಳಗಿನ ಪುಟ ಹಾಗೇ ಇರುತ್ತೆ, ತಿಳಿದವರು ತೆಗೀತಾರೆ. ಆದ್ದರಿಂದ ಬೇಕಾದ ಲೆಕ್ಕದ ಪ್ರತಿ ಸಂಘದಲ್ಲಿ ಭದ್ರವಾಗಿದೆ ಅಂತ ಕಾರ್ಯದರ್ಶಿಗಳು ಖಾತ್ರಿ ಮಾಡಿಕೊಂಡ ಮೇಲೆ, ಹಳೇ ಹಾರ್ಡ್ ಡಿಸ್ಕ್ ಮೂರನ್ನೂ ಕಮಿಟಿಯವರ ಎದುರಿಗೇ ತೂತು ಕೊರೆದು ಹಾಳುಮಾಡೋಣ. ಶಾಲೆಗೆ ಹೋಗೋದು ಹೊಸ ಡಿಸ್ಕ್. ಸಂಘದ ಆಸ್ತಿಯಾದ್ದರಿಂದ ಠರಾವು ಆಗಬೇಕು, ಡೆಡ್ ಸ್ಟಾಕ್ ರಿಜಿಸ್ಟರಿನಲ್ಲೂ ಬರೆಯಬೇಕು.

ಉಳಿದ ಚೂರುಪಾರು ಗುಜರಿಗೆ ಬೇಡ. ತಾಮ್ರದ ಆಸೆಗೆ ತಂತಿ ಸುಟ್ಟರೆ ವಿಷದ ಹೊಗೆ, ಹಳೇ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೇ ಅವು ಹೋಗಬೇಕು.

ನನ್ನ ಅಂದಾಜಿನಲ್ಲಿ ಮೂರರಲ್ಲಿ ಎರಡು ಏಳುತ್ತವೆ. ಕೂಲಿ ನನ್ನದು. ಎರಡು ಎಸ್.ಎಸ್.ಡಿ., ಒಂದು ಯು.ಪಿ.ಎಸ್. ಬ್ಯಾಟರಿ ಸಂಘ ಕೊಡಿಸಲಿ. ವರ್ಷಕ್ಕೆರಡು ಸಲ ಶಾಲೆಗೆ ಬಂದು ನೋಡ್ತೀನಿ, ಅದನ್ನೂ ಠರಾವಿನಲ್ಲೇ ಬರೆದುಕೊಳ್ಳಿ, ನಾನು ತಪ್ಪಿಸಿಕೊಂಡರೆ ಹಿಡಿದು ಕೇಳೋಕೆ ಆಗುತ್ತೆ.

ಠರಾವಾದ ಮೇಲೆ ಬರೋ ಮೊದಲ ಸೋಮವಾರ ಟೆಂಪೋ ತರ್ತೀನಿ. ಎತ್ತಿ ಹಾಕೋಕೆ ಇಬ್ಬರು ಹುಡುಗರು ಬೇಕು. ಕೆಲಸ ನೋಡೋ ಆಸೆ ಇದ್ದವರು ಅಂಗಡಿಗೂ ಬರಲಿ, ಸ್ಕ್ರೂ ಡ್ರೈವರ್ ಕೊಡ್ತೀನಿ.