ಕೊಟ್ಟಿಗೆಯ ಬಾಗಿಲಿನಿಂದ ಹಕ್ಕಿ ನೋಡೋಣ

(ಆಲೆಟ್ಟಿಯಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ನೀಡಿದ ಉಪನ್ಯಾಸ)



ಪ್ರತಿ ಸಲವೂ ಕೆಚ್ಚಲು ಬಾವು, ಖನಿಜ ಮಿಶ್ರಣ, ಹಾಲಿನ ಫ್ಯಾಟು ಎಂದು ನಿಮ್ಮ ತಲೆ ತಿನ್ನುವ ನಾನು ಇಂದು ಹಕ್ಕಿಗಳ ವಿಷಯ ಮಾತನಾಡುತ್ತೇನೆಂದಾಗ ಕೆಲವರು ನಕ್ಕಿರಿ. ಹಕ್ಕಿ ನೋಡುವುದೆಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಜೀಪಿನಲ್ಲಿ ಕಾಡಿಗೆ ಹೋಗುವವರ ಹವ್ಯಾಸ ಎಂದು ನಾವು ತಿಳಿದಿದ್ದೇವೆ. ಆದರೆ ಹಕ್ಕಿ ನೋಡುವವರಿಗೆ ನಿಜವಾಗಿ ಬೇಕಾದದ್ದು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ವರ್ಷವಿಡೀ ಇರುವುದು. ಬೆಳಗ್ಗೆ ಐದೂವರೆಗೆ ಒಮ್ಮೆ, ಸಂಜೆ ಒಮ್ಮೆ, ಹಬ್ಬ ಹರಿದಿನ ಎನ್ನದೆ ಹೀಗೆ ಕೂರುವವರು ಹಾಲು ಕರೆಯುವವರಲ್ಲದೆ ಬೇರೆ ಯಾರಿದ್ದಾರೆ?

ಹೆಚ್ಚು ಹಕ್ಕಿ ಕಂಡರೆ ಹೆಚ್ಚು ಸಂತೋಷ ಎಂಬುದನ್ನು ನಾನು ಒಪ್ಪುವುದಿಲ್ಲ. ಒಂದನ್ನೇ ಹತ್ತು ನಿಮಿಷ ನೋಡಿ. ಮೊದಲಿಗೆ ನಿಮ್ಮ ದನದ ಜತೆಯಲ್ಲೇ ಓಡಾಡುವ ಗೋವಕ್ಕಿ ಸಾಕು. ಬೆಳ್ಳಗೆ ಕಂಡದ್ದನ್ನೆಲ್ಲ ಕೊಕ್ಕರೆ ಎನ್ನುವುದು ನಮ್ಮ ರೂಢಿ. ತೋಡಿನ ನೀರಿನಲ್ಲಿ ಮೀನಿಗೆ ಕಾಯುವ ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ದನದ ಹಿಂದೆ ನಡೆಯುವ ಗೋವಕ್ಕಿಯ ಕೊಕ್ಕು ಹಳದಿ. ಮರಿ ಮಾಡುವ ಕಾಲದಲ್ಲಿ ಗೋವಕ್ಕಿಯ ತಲೆ, ಕುತ್ತಿಗೆ, ಬೆನ್ನಿಗೆ ಕಿತ್ತಳೆ ಬಣ್ಣ ಏರುತ್ತದೆ. ಅದು ಬೇರೆ ಜಾತಿಯ ಹಕ್ಕಿಯಲ್ಲ, ಅದೇ ಹಕ್ಕಿ.

ಅದು ದನದ ಉಣುಗು ಹೆಕ್ಕಲು ಬರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಒಂದೊಂದು ಉಣುಗನ್ನು ತಿಂದೀತು. ಆದರೆ ಅದು ಮುಖ್ಯವಾಗಿ ಬರುವುದು ದನದ ಗೊರಸಿನಡಿಯಿಂದ ಹಾರುವ ಮಿಡತೆಗಳಿಗಾಗಿ. (ಆದ್ದರಿಂದ ಹಕ್ಕಿ ಇದೆಯಲ್ಲ ಎಂದು ಉಣುಗಿನ ಔಷಧಿ ನಿಲ್ಲಿಸಬೇಡಿ!) ಮನೆಯ ಮಕ್ಕಳಿಗೆ ಒಂದು ಕೆಲಸ ಹೇಳಿ: ದನದ ಹತ್ತಿರವಿರುವ ಗೋವಕ್ಕಿ ಒಂದು ತುತ್ತಿಗೆ ಎಷ್ಟು ಹೆಜ್ಜೆ ಇಡುತ್ತದೆ, ಒಂಟಿಯಾಗಿರುವುದು ಎಷ್ಟು ಹೆಜ್ಜೆ ಇಡುತ್ತದೆ ಎಂದು ಎಣಿಸಲಿ. ಹೊರದೇಶಗಳಲ್ಲಿ ವಿಜ್ಞಾನಿಗಳು ಇದನ್ನೇ ಎಣಿಸಿದ್ದಾರೆ. ದನದ ಜತೆಗಿದ್ದ ಹಕ್ಕಿಗೆ ಕಡಿಮೆ ನಡಿಗೆಯಲ್ಲಿ ಹೆಚ್ಚು ಆಹಾರ ಸಿಗುವುದು ಕಂಡುಬಂದಿದೆ. ಇದರ ಆಫ್ರಿಕದ ಬಳಗ 1880ರ ಆಸುಪಾಸಿನಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ದಕ್ಷಿಣ ಅಮೆರಿಕ ಸೇರಿತು. ಅಲ್ಲಿ ದನ ಸಾಕುವವರು ಹುಲ್ಲುಗಾವಲು ಮಾಡಿಟ್ಟಿದ್ದರು. ಹಕ್ಕಿ ಅಲ್ಲೇ ನೆಲೆ ನಿಂತಿತು.

ಹಾಲು ಕರೆಯುವಾಗ ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವುಂಟು. ಬೇಸಗೆಯ ನಸುಕಿನಲ್ಲಿ ತೋಟದ ತುದಿಯಿಂದ ಹಾಡುವ ಕಪ್ಪು ಬಿಳುಪಿನ ಮಡಿವಾಳ ಹಕ್ಕಿ ನಿಮಗೆ ಗೊತ್ತು. ಚಳಿಗಾಲದಲ್ಲಿ ಸಂಜೆ ಆರರ ಸುಮಾರಿಗೆ, ಸೊಸೈಟಿಗೆ ಹಾಲು ಕೊಟ್ಟು ಖಾಲಿ ಕ್ಯಾನು ಹಿಡಿದು ಬರುವಾಗ, ಪೊದೆಯೊಳಗಿಂದ ಎರಡು ಸ್ವರದ ಸಿಳ್ಳೆ ಕೇಳಿದರೆ ನಿಲ್ಲಿ. ಅದು ನವರಂಗ, ಉತ್ತರದಿಂದ ಬಂದ ಅತಿಥಿ. ಮಳೆಗಾಲದಲ್ಲಿ ಪಯಸ್ವಿನಿಗೆ ಸೇರುವ ತೋಡುಗಳ ಬದಿಯಲ್ಲಿ ಮನುಷ್ಯರಂತೆಯೇ ಸಿಳ್ಳೆ ಹಾಕುವುದು ಸಿಳ್ಳಾರ. ಯಾರೋ ಹುಡುಗ ಶಾಲೆ ತಪ್ಪಿಸಿ ಕೂತಿದ್ದಾನೆಂದು ನಾನೊಮ್ಮೆ ಬೈಕು ನಿಲ್ಲಿಸಿ ಹುಡುಕಿದ್ದುಂಟು.

ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗೀಚಿಟ್ಟು, 21 ದಿನ ಎಣಿಸುವ ಅಭ್ಯಾಸ ನಿಮಗಿದೆ. ಅದೇ ಕ್ಯಾಲೆಂಡರಿನಲ್ಲಿ ಹಕ್ಕಿಯನ್ನೂ ಗೀಚಿಡಿ. ನಾನು ಹೋಗಿಬರುವ ಮನೆಯೊಂದರ ಅಕ್ಕ, ಅಂಗಳದಲ್ಲಿ ಬಾಲ ಕುಣಿಸುತ್ತ ಓಡುವ ಹಳದಿ ಹೊಟ್ಟೆಯ ಸಿಪಿಲೆ ಬಂದ ದಿನವನ್ನು ಮೂರು ವರ್ಷದಿಂದ ಬರೆದಿಟ್ಟಿದ್ದಾರೆ. "ಡಾಕ್ಟ್ರೇ, ಈ ಸಲ ನಾಲ್ಕು ದಿನ ತಡ" ಎಂದು, ಮಗಳು ಬಸ್ಸು ತಪ್ಪಿಸಿಕೊಂಡ ಹಾಗೆ ಹೇಳಿದರು. ಹಿಮಾಲಯದ ಕಡೆಯಿಂದ ಸೆಪ್ಟೆಂಬರಿನಲ್ಲಿ ಬರುವ ಹಕ್ಕಿಗೆ ಕಾಯುವವರೊಬ್ಬರು ಇಲ್ಲಿದ್ದಾರೆ. ಇದಕ್ಕಿಂತ ಹೆಚ್ಚಿನ ಖುಷಿ ದುರ್ಬೀನಿನಲ್ಲಿ ಸಿಗುತ್ತದೆಯೆಂದು ನನಗನಿಸುವುದಿಲ್ಲ.

ಬರೆದಿಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಸತ್ತ ದನವನ್ನು ಗುಡ್ಡೆಯಲ್ಲಿ ಹಾಕಿದರೆ ರಣಹದ್ದುಗಳು ಇಳಿಯುತ್ತಿದ್ದ ಕಾಲವೊಂದಿತ್ತು. 1990ರ ದಶಕದಲ್ಲಿ ಅವು ದೇಶದಾದ್ಯಂತ ಕಾಣೆಯಾಗತೊಡಗಿದವು. ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕಿಂತಲೂ ಹೆಚ್ಚು ನಾಶವಾಯಿತು. ಅಷ್ಟು ದೊಡ್ಡ ಹಕ್ಕಿ ಆಕಾಶದಿಂದ ಇಲ್ಲವಾದರೂ ಬಹಳ ಊರುಗಳಲ್ಲಿ ಯಾರೂ ದಿನಾಂಕ ಗುರುತಿಡಲಿಲ್ಲ. ಕಾರಣ ಖಚಿತವಾದದ್ದು 2004ರಲ್ಲಿ: ದನಗಳ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಚುಚ್ಚಿದ ಕೆಲವೇ ದಿನಗಳಲ್ಲಿ ದನ ಸತ್ತು, ಅದರ ಮಾಂಸ ತಿಂದ ರಣಹದ್ದಿಗೆ ಮೂತ್ರಪಿಂಡ ಕೆಟ್ಟು ಸಾವು. ನೂರು ಹೆಣಗಳಲ್ಲಿ ಒಂದರಲ್ಲಿ ಆ ಔಷಧಿ ಇದ್ದರೂ ಇಡೀ ಸಂತತಿ ಅಳಿಯಲು ಸಾಕು ಎಂಬುದು ಲೆಕ್ಕದಿಂದ ತಿಳಿದುಬಂದಿದೆ.

ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಆ ಇಂಜೆಕ್ಷನನ್ನು ಧಾರಾಳವಾಗಿ ಕೊಟ್ಟಿದ್ದೇನೆ. ಕುಂಟುವ ದನ ಮರುದಿನ ಎದ್ದು ನಿಂತರೆ ನೀವು ಸಂತೋಷಪಡುತ್ತಿದ್ದಿರಿ, ನಾನೂ ಸಂತೋಷಪಡುತ್ತಿದ್ದೆ. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಿಗಳನ್ನೂ ನಿಷೇಧಿಸಿದರು. ಮೆಲೋಕ್ಸಿಕಾಮ್ ರಣಹದ್ದಿಗೆ ಅಪಾಯವಿಲ್ಲದ್ದು, ದನಕ್ಕೂ ಚೆನ್ನಾಗಿ ನಾಟುತ್ತದೆ. ಆದುದರಿಂದ ಮೆಡಿಕಲ್ ಅಂಗಡಿಯಿಂದ ಮನುಷ್ಯರ ನೋವಿನ ಇಂಜೆಕ್ಷನ್ ತಂದು ದನಕ್ಕೆ ಕೊಡಿಸಬೇಡಿ. ನಾನೇ ಬರಲಿ, ಬೇರೆ ಯಾರೇ ಬರಲಿ, ಬಾಟಲಿಯ ಮೇಲಿನ ಹೆಸರು ಕೇಳಿ ತಿಳಿದುಕೊಳ್ಳಿ. ಕೇಳಿದರೆ ನಾವು ಬೇಸರಪಡುವುದಿಲ್ಲ.

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದಾರೆ. ನಮ್ಮ ಗುಡ್ಡೆಗಳಲ್ಲಿ ಈಗ ರಬ್ಬರ್ ಇದೆ. ಸಭೆ ಮುಗಿದ ಮೇಲೆ ಚಹಾ ಇದೆಯಷ್ಟೆ. ನಿಮ್ಮಲ್ಲಿ ಹಿರಿಯರು ಕೊನೆಯ ಸಲ ರಣಹದ್ದು ಕಂಡದ್ದು ಯಾವ ಗುಡ್ಡೆಯಲ್ಲಿ, ಯಾವ ವರ್ಷ, ಯಾವ ದನ ಸತ್ತಾಗ ಎಂದು ನೆನಪಿದ್ದರೆ ಹೇಳಿ. ಬರೆದುಕೊಳ್ಳಲು ಪುಸ್ತಕ ತಂದಿದ್ದೇನೆ.