ಕ್ರೇನ್ ನಡೆಸುವವನ ತರಬೇತಿ ಯಾರ ಹೊಣೆ?

(ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರಾಂಶ)



ಕಾರ್ಖಾನೆಯಲ್ಲಿ ತಲೆಯ ಮೇಲಿನ ಹಳಿಗಳ ಮೇಲೆ ಓಡುವ ಓವರ್‌ಹೆಡ್ ಕ್ರೇನನ್ನು ನೀವೆಲ್ಲ ನೋಡಿದ್ದೀರಿ. ಕಲ್ಲು ಕೊಯ್ಯುವ ಕಾರ್ಖಾನೆಯ ಅಂಗಳದಲ್ಲಿ ಕಾಲುಗಳ ಮೇಲೆ ನಿಂತು ನೆಲದ ಹಳಿಯ ಮೇಲೆ ಚಲಿಸುವ ಗ್ಯಾಂಟ್ರಿ ಕ್ರೇನನ್ನೂ ನೋಡಿದ್ದೀರಿ. ಅದನ್ನು ನಡೆಸುವುದು ಬಹು ಸುಲಭವೆಂದು ಕಾಣುತ್ತದೆ. ಒಂದು ಗುಂಡಿ ಒತ್ತಿದರೆ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಹಾಗೆ ಕಾಣುವುದರಿಂದಲೇ, ಖಾಯಂ ಆಪರೇಟರ್ ರಜೆ ಹಾಕಿದ ದಿನ, ಎದುರಿಗೆ ಸಿಕ್ಕಿದ ಗುತ್ತಿಗೆ ಆಳಿನ ಕೈಗೆ ಗುಂಡಿಪೆಟ್ಟಿಗೆ ಕೊಟ್ಟು "ನಡೆಸಪ್ಪ" ಎನ್ನುವ ಮೇಸ್ತ್ರಿಗಳಿದ್ದಾರೆ. ಗುಂಡಿ ಒತ್ತುವುದಕ್ಕೆ ಹತ್ತು ನಿಮಿಷದ ಪಾಠ ಸಾಕು. ಯಾವಾಗ ಒತ್ತಬಾರದು ಎಂಬುದನ್ನು ಕಲಿಯಲು ತರಬೇತಿ ಬೇಕು. ಹಾಗೆ ಕಲಿತವನು "ಬೇಡ" ಎಂದಾಗ ಆ ಮಾತಿಗೆ ಬೆಲೆ ಇರಬೇಕು. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ತರಬೇತಿಯಲ್ಲಿ ಕಲಿಯುವುದೇನು? ಪಾಳಿ ಶುರುವಾದ ಕೂಡಲೆ, ಭಾರ ಮುಟ್ಟುವ ಮೊದಲು, ಬರಿ ಕೊಕ್ಕೆಯಲ್ಲಿ ಯಂತ್ರವನ್ನು ಪರೀಕ್ಷಿಸುವುದು. ತಂತಿಹಗ್ಗದ ಎಳೆಗಳು ಕಡಿದಿವೆಯೆ? ಕೊಕ್ಕೆಯ ಬಾಯಿ ಅಗಲವಾಗಿದೆಯೆ? ಕೊಕ್ಕೆ ತೀರ ಮೇಲಕ್ಕೆ ಹೋದಾಗ ಮೋಟರನ್ನು ತಾನಾಗಿ ನಿಲ್ಲಿಸುವ ಲಿಮಿಟ್ ಸ್ವಿಚ್ಚು ಕೆಲಸ ಮಾಡುತ್ತದೆಯೆ? ಆ ಸ್ವಿಚ್ಚು ಆಪತ್ತಿಗೆ ಇರುವಂಥದು. ದಿನವೂ ಅದನ್ನೇ ಬ್ರೇಕಿನಂತೆ ಬಳಸಿದರೆ ಅದು ಒಂದು ದಿನ ಕೈಕೊಡುತ್ತದೆ.

ಎರಡನೆಯದು, ಭಾರದ ಲೆಕ್ಕ. ಗ್ರಾನೈಟ್ ಕಲ್ಲು ಘನಮೀಟರಿಗೆ ಸುಮಾರು 2.7 ಟನ್ನು ತೂಗುತ್ತದೆ. 2 ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಒಂದೂವರೆ ಮೀಟರು ಎತ್ತರದ ದಿಮ್ಮಿ 12 ಟನ್ನನ್ನು ಮೀರುತ್ತದೆ. ಕಣ್ಣಂದಾಜಿನಲ್ಲಿ "ಎಂಟೋ ಒಂಬತ್ತೋ ಇದ್ದೀತು" ಎಂದು 10 ಟನ್ನಿನ ಕ್ರೇನಿಗೆ ಸಿಕ್ಕಿಸಿದರೆ ಗತಿಯೇನು?

ಮೂರನೆಯದು, ಸ್ಲಿಂಗಿನ ಓರೆ. 2 ಟನ್ನಿನ ಭಾರವನ್ನು ಎರಡು ಸ್ಲಿಂಗುಗಳಲ್ಲಿ ನೆಟ್ಟಗೆ ತೂಗಿದರೆ ಒಂದೊಂದರ ಮೇಲೆ ಬೀಳುವುದು 1 ಟನ್ನು. ಅವೇ ಸ್ಲಿಂಗುಗಳನ್ನು ಅಗಲಕ್ಕೆ ಹರಡಿ, ನೆಲಮಟ್ಟಕ್ಕೆ 30 ಡಿಗ್ರಿ ಮಾತ್ರ ಏರುವಂತೆ ಕಟ್ಟಿದರೆ ಒಂದೊಂದರ ಮೇಲೂ 2 ಟನ್ನು ಬೀಳುತ್ತದೆ. ಭಾರ ಅದೇ, ಸ್ಲಿಂಗೂ ಅದೇ. ಹೊರೆ ಮಾತ್ರ ಇಮ್ಮಡಿ. ಇದು ಆಪರೇಟರನಷ್ಟೇ ಕಲಿತರೆ ಸಾಲದು. ಕೆಳಗೆ ನಿಂತು ಸ್ಲಿಂಗ್ ಕಟ್ಟುವ ಖಲಾಸಿಯೂ ಕಲಿಯಬೇಕು.

ಭಾರವನ್ನು ಒಂದು ಗೇಣು ಎತ್ತಿ ನಿಲ್ಲಿಸಿ, ಬ್ರೇಕು ಹಿಡಿಯಿತೆ ಎಂದು ನೋಡಿ ಮುಂದುವರಿಯಬೇಕು. ಓರೆಯಾಗಿ ಎಳೆಯಬಾರದು, ಎಳೆದರೆ ಹಗ್ಗ ಡ್ರಮ್ಮಿನ ಗಾಡಿಯಿಂದ ಹೊರಬೀಳುತ್ತದೆ, ಭಾರ ಉಯ್ಯಾಲೆಯಾಡುತ್ತದೆ. ಜನರ ತಲೆಯ ಮೇಲೆ ಭಾರ ಸಾಗಿಸಬಾರದು, ತೂಗುಬಿಟ್ಟು ಎದ್ದು ಹೋಗಬಾರದು. ಸನ್ನೆ ಕೊಡುವವನು ಒಬ್ಬನೇ ಇರಬೇಕು. ಆದರೆ "ನಿಲ್ಲಿಸು" ಎಂಬ ಸನ್ನೆಯನ್ನು ಕಸ ಗುಡಿಸುವವಳು ಕೊಟ್ಟರೂ ನಿಲ್ಲಿಸಲೇಬೇಕು.

ಎಲ್ಲವನ್ನೂ ಆಪರೇಟರನ ತಲೆಗೆ ಕಟ್ಟಿ ಮಾಲೀಕರು ಕೈ ತೊಳೆದುಕೊಳ್ಳುವಂತಿಲ್ಲ. ಚೀನಾದ ಲಿಯಾವೊನಿಂಗ್ ಪ್ರಾಂತದ ಉಕ್ಕಿನ ಕಾರ್ಖಾನೆಯೊಂದರಲ್ಲಿ 2007ರ ಏಪ್ರಿಲ್ 18ರಂದು ಸುಮಾರು 30 ಟನ್ನು ಕರಗಿದ ಉಕ್ಕಿದ್ದ ಕೊಪ್ಪರಿಗೆ ಕ್ರೇನಿನಿಂದ ಕಳಚಿ ಬಿತ್ತು. ಪಾಳಿ ಬದಲಾವಣೆಗಾಗಿ ಪಕ್ಕದ ಕೋಣೆಯಲ್ಲಿ ಸೇರಿದ್ದವರ ಮೇಲೆ ಉಕ್ಕು ಹರಿದು 32 ಮಂದಿ ಸತ್ತರು. ವಿಚಾರಣೆಯಲ್ಲಿ ಹೊರಬಿದ್ದದ್ದೇನು? ಕರಗಿದ ಲೋಹಕ್ಕೆ ತಕ್ಕುದಾದ ಕ್ರೇನನ್ನು ಹಾಕದೆ ಸಾಮಾನ್ಯ ಕ್ರೇನಿನಲ್ಲಿ ಕೆಲಸ ನಡೆಸಿದ್ದರು. ಕೊಪ್ಪರಿಗೆಯ ಬಳಿಯಲ್ಲೇ ಜನ ಸೇರುವ ಕೋಣೆಯಿತ್ತು. ನಮ್ಮ ದೇಶದಲ್ಲೇ 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಪರೀಕ್ಷೆಗೆ ನಿಲ್ಲಿಸಿದ್ದ ಕ್ರೇನು ಕುಸಿದು 11 ಮಂದಿ ಸತ್ತರು. ಕೆಟ್ಟ ಯಂತ್ರವನ್ನು ಒಳ್ಳೆಯ ತರಬೇತಿ ಸರಿಮಾಡಲಾರದು. ತರಬೇತಾದವನು ಅದು ಕೆಟ್ಟಿದೆಯೆಂದು ಹೇಳಬಲ್ಲ, ಅಷ್ಟೆ. ಕೇಳುವ ಕಿವಿ ಇರಬೇಕು.

ಕಾಯಿದೆ ಇದನ್ನು ಬಹಳ ಹಿಂದೆಯೇ ಒಪ್ಪಿದೆ. 1948ರ ಕಾರ್ಖಾನೆ ಕಾಯಿದೆಯ 29ನೆಯ ಕಲಮು, ಎತ್ತುವ ಯಂತ್ರಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹರಿಂದ ಪೂರ್ಣ ಪರೀಕ್ಷೆ ಮಾಡಿಸಬೇಕೆಂದಿತು. ಎಷ್ಟು ಭಾರ ಎತ್ತಬಹುದೆಂದು ಯಂತ್ರದ ಮೇಲೆ ಬರೆದಿರಬೇಕು, ಕ್ರೇನಿನ ಹಾದಿಯಲ್ಲಿ ಆಳು ಕೆಲಸ ಮಾಡುತ್ತಿದ್ದರೆ ಕ್ರೇನು ಅವನ 6 ಮೀಟರಿನೊಳಕ್ಕೆ ಬರಬಾರದು ಎಂದಿತು. ತರಬೇತಿ ಕೊಡುವುದು ಮಾಲೀಕನ ಕರ್ತವ್ಯವೆಂದು 1987ರ ತಿದ್ದುಪಡಿ ಸೇರಿಸಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಅದರ 14ನೆಯ ಕಲಮಿನಂತೆ, ಜೀವಕ್ಕೆ ಅಪಾಯ ಒದಗಿದೆಯೆಂದು ಸಕಾರಣವಾಗಿ ಕಂಡರೆ ಕೆಲಸಗಾರನು ಮಾಲೀಕನಿಗೂ ತನಿಖಾಧಿಕಾರಿಗೂ ತಿಳಿಸಬಹುದು. ಆದರೆ "ಲಾರಿ ಕಾಯುತ್ತಿದೆ, ಎತ್ತು" ಎಂದು ಮೇಸ್ತ್ರಿ ಗದರಿಸುವಾಗ ಒಬ್ಬಂಟಿ ಗುತ್ತಿಗೆ ಆಳು ಕಲಮು ಓದುತ್ತ ಕೂಡಲಾರ. ಅವನು ಬೇಡವೆಂದರೆ ಉಳಿದವರೂ ಬೇಡವೆನ್ನಬೇಕು. ಸಂಘವಿರುವುದು ಬೋನಸ್ಸಿಗೆ ಮಾತ್ರವಲ್ಲ.

ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಕಬ್ಬಿಣದ ಅಂಗಡಿಯಲ್ಲಿ, ಮರದ ಡಿಪೋದಲ್ಲಿ ನಿಮ್ಮ ಚೈನ್ ಬ್ಲಾಕು ತೂಗುತ್ತಿದೆ. ನಿಮ್ಮದು ಕಾಯಿದೆ ಮುಟ್ಟದಷ್ಟು ಸಣ್ಣ ಅಂಗಡಿಯಾಗಿರಬಹುದು. ಮೇಲಿಂದ ಬೀಳುವ ಭಾರಕ್ಕೆ ಅಂಗಡಿ ಸಣ್ಣದೋ ದೊಡ್ಡದೋ ತಿಳಿಯದು.

ನಾಳೆ ಪಾಳಿಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಈ ಕ್ರೇನಿಗೆ ಕೊನೆಯ ಪರೀಕ್ಷೆ ಎಂದಾಯಿತು? ಅದರ ಮೇಲೆ ಭಾರದ ಮಿತಿ ಬರೆದಿದೆಯೆ? ನಡೆಸುವವನಿಗೆ, ಸ್ಲಿಂಗ್ ಕಟ್ಟುವವನಿಗೆ ಕಲಿಸಿದವರು ಯಾರು? ಉತ್ತರ ಸಿಗದಿದ್ದರೆ ಸಂಘಕ್ಕೆ ಬಂದು ಹೇಳಿ; ಬರೆದು ಕೇಳೋಣ. ಕಲಿಯುವ ದಿನದ ಕೂಲಿ ಕಡಿಯದೆ, ಖಾಯಮಿನವನಿಗೂ ಗುತ್ತಿಗೆಯವನಿಗೂ ಭೇದವಿಲ್ಲದೆ ತರಬೇತಿ ಕೊಡಬೇಕೆಂಬುದು ನಮ್ಮ ಬೇಡಿಕೆಯ ಮೊದಲ ಸಾಲಾಗಲಿ.