‘ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ ಸರ್’

2022ರ ಜನವರಿಯಲ್ಲಿ ತುಮಕೂರಿನ ರೈತರೊಬ್ಬರು ಗೆಳೆಯರ ಜೊತೆ ಮಹೀಂದ್ರ ಶೋರೂಮಿಗೆ ಬೊಲೆರೊ ಪಿಕಪ್ ನೋಡಲು ಹೋದರು. ಅಲ್ಲಿನ ಸಿಬ್ಬಂದಿಯೊಬ್ಬ ತಮ್ಮ ಬಟ್ಟೆಬರೆ ನೋಡಿ, ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದು ಎಂಬಂತೆ ಹೀಯಾಳಿಸಿದ ಎಂಬುದು ಅವರ ದೂರು. ಹೆಚ್ಚುಕಮ್ಮಿ ಒಂದು ಗಂಟೆಯೊಳಗೆ ಅವರು ಹತ್ತು ಲಕ್ಷ ರೂಪಾಯಿ ಹೊಂದಿಸಿ ತಂದು, ಈಗಲೇ ಗಾಡಿ ಕೊಡಿ ಎಂದು ಪಟ್ಟು ಹಿಡಿದರು. ಕೊಡಲು ಶೋರೂಮಿನವರಿಂದ ಆಗಲಿಲ್ಲ. ವಿಷಯ ಪೊಲೀಸರವರೆಗೂ ಹೋಯಿತು, ವಿಡಿಯೊ ದೇಶವೆಲ್ಲ ಹರಿದಾಡಿತು, ಆನಂದ್ ಮಹೀಂದ್ರ ಅವರೇ ವ್ಯಕ್ತಿಯ ಘನತೆಯ ಬಗ್ಗೆ ಟ್ವೀಟ್ ಮಾಡಬೇಕಾಯಿತು. ತಿಂಗಳು ಮುಗಿಯುವುದರೊಳಗೆ ಕ್ಷಮೆಯೂ ಬಂತು, ಗಾಡಿಯೂ ಮನೆಗೆ ಬಂತು.

ಆ ಅವಮಾನವನ್ನು ಜನ ಮರೆತಿಲ್ಲ, ಮರೆಯಲೂಬಾರದು. ಆದರೆ ಆ ದಿನ ಮಾತು ಎಷ್ಟೇ ಮರ್ಯಾದೆಯಿಂದ ನಡೆದಿದ್ದರೂ ಹತ್ತು ಲಕ್ಷದ ನೋಟಿನ ಕಟ್ಟಿಗೆ ಒಂದು ಗಂಟೆಯಲ್ಲಿ ಗಾಡಿ ಸಿಗುತ್ತಿರಲಿಲ್ಲ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದಲೇ ನಿಷೇಧಿಸಿದೆ. ಗಾಡಿ ಹೊರಗೆ ಬರಬೇಕಾದರೆ ವಿಮೆ ಆಗಬೇಕು, ತೆರಿಗೆ ಕಟ್ಟಬೇಕು, ನೋಂದಣಿ ಆಗಬೇಕು. ಶೋರೂಮಿನಲ್ಲಿ ಗಿರಾಕಿಯ ಕಣ್ಣಿಗೆ ಬೀಳುವುದು ಎದುರಿಗಿರುವ ಮನುಷ್ಯ. ವ್ಯವಹಾರವೆಲ್ಲ ನಡೆಯುವುದು ಅವನ ಕೈಯಲ್ಲಿರುವ ಹಾಳೆಯ ಮೇಲೆ.

ಅದೇ ತುಮಕೂರು ರಸ್ತೆಯ ಈ ತುದಿಗೆ, ಬೆಂಗಳೂರಿನ ಯಶವಂತಪುರಕ್ಕೆ ಬರೋಣ. ಇಲ್ಲಾಗಲಿ, ಹೆಬ್ಬಾಳ ದಾಟಿ ಯಲಹಂಕದತ್ತ ಹೋಗುವ ಬಳ್ಳಾರಿ ರಸ್ತೆಯಲ್ಲಾಗಲಿ, ಭಾನುವಾರ ಶೋರೂಮಿನ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದ ಕುಟುಂಬಕ್ಕೆ ಮೊದಲು ಸಿಗುವುದು ಕಾಫಿ, ಆಮೇಲೆ ಟ್ಯಾಗು ಹಾಕಿಕೊಂಡ ಒಬ್ಬ ಹುಡುಗ ಅಥವಾ ಹುಡುಗಿ. ‘ಕೊನೇ ರೇಟು ಹೇಳಪ್ಪ’ ಎಂದು ಮನೆಯ ಹಿರಿಯರು ಕೇಳುತ್ತಾರೆ. ‘ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ ಸರ್’ ಎಂದು ಆತ ಒಳಗೆ ಹೋಗುತ್ತಾನೆ. ಹತ್ತು ನಿಮಿಷ ಕಳೆಯುತ್ತದೆ. ಮಕ್ಕಳು ಅಷ್ಟರಲ್ಲಿ ಕಾರಿನೊಳಗೆ ಕೂತು ಬಣ್ಣ ಆರಿಸಿಯಾಗಿರುತ್ತದೆ. ಕೊನೆಗೆ ಮ್ಯಾನೇಜರ್ ತಾವೇ ಬಂದು ಕೈಕುಲುಕಿ, ‘ನಿಮಗೋಸ್ಕರ ಇನ್ನೈದು ಸಾವಿರ ಬಿಡ್ತೀನಿ ಸರ್, ಇವತ್ತೇ ಬುಕ್ ಮಾಡಿ’ ಎನ್ನುತ್ತಾರೆ.

ಆ ಹುಡುಗ ಸುಳ್ಳು ಹೇಳಿ ಹೋದದ್ದಲ್ಲ. ಎಷ್ಟು ಇಳಿಸಬಹುದು ಎಂಬುದಕ್ಕೆ ಅವನಿಗೊಂದು ಮಿತಿ, ಟೀಂ ಲೀಡರಿಗೊಂದು, ಮ್ಯಾನೇಜರಿಗೊಂದು. ಅವನ ತಲೆಯ ಮೇಲೆ ತಿಂಗಳ ಟಾರ್ಗೆಟ್ಟು ಕೂತಿರುತ್ತದೆ. ಸಂಬಳದ ಜೊತೆಗಿನ ಇನ್ಸೆಂಟಿವ್ ಬರುವುದು ಕಾರಿನಿಂದ ಮಾತ್ರವಲ್ಲ, ಕಾರಿನ ಜೊತೆ ಮಾರಿದ ವಿಮೆ, ಸಾಲ, ಸೀಟ್ ಕವರುಗಳಿಂದಲೂ. ಇದು ಗೊತ್ತಿದ್ದರೆ ಅವನ ಮೇಲೆ ರೇಗುವ ಪ್ರಮೇಯ ಬರುವುದಿಲ್ಲ. ಕೇಳಬೇಕಾದದ್ದು ಒಂದೇ: ‘ಆನ್‌ರೋಡ್ ರೇಟು ಒಟ್ಟಿಗೆ ಬೇಡಪ್ಪ, ಒಂದೊಂದು ಸಾಲಾಗಿ ಬಿಡಿಸಿ ಬರೆದು ಕೊಡು.’

ಬಿಡಿಸಿದ ಹಾಳೆಯಲ್ಲಿ ಮೊದಲು ಎಕ್ಸ್‌ಶೋರೂಂ ಬೆಲೆ ಇರುತ್ತದೆ, ಜಿಎಸ್‌ಟಿ ಅದರಲ್ಲೇ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಅದು ಶೇ 18, ದೊಡ್ಡವಕ್ಕೆ ಶೇ 40. ಎರಡನೆಯ ಸಾಲು ಕರ್ನಾಟಕದ ಜೀವಾವಧಿ ತೆರಿಗೆ. ಬೆಲೆ ಐದು ಲಕ್ಷದವರೆಗಿದ್ದರೆ ಶೇ 13, ಹತ್ತರವರೆಗೆ 14, ಇಪ್ಪತ್ತರವರೆಗೆ 17, ಅದರಾಚೆ 18, ಮೇಲೆ ಸೆಸ್. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ. ಆದರೂ ಇಲ್ಲೊಂದು ದೊಡ್ಡ ಮೆಟ್ಟಿಲಿದೆ. 9,90,000 ರೂಪಾಯಿಯ ಕಾರಿಗೆ ತೆರಿಗೆ 1,38,600. ‘ಇನ್ನಿಪ್ಪತ್ತೇ ಸಾವಿರ ಸರ್, ಮೇಲಿನ ಮಾಡೆಲ್ ತಗೊಳ್ಳಿ’ ಎಂಬ ಮಾತಿಗೆ ಒಪ್ಪಿ 10,10,000ದ ಕಾರು ಆರಿಸಿದರೆ ತೆರಿಗೆ 1,71,700. ಹತ್ತು ಲಕ್ಷ ದಾಟಿದ್ದಕ್ಕೆ ಶೇ 1ರ ಟಿಸಿಎಸ್, ಅಂದರೆ ಡೀಲರೇ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ, 10,100 ಬೇರೆ. ಇಪ್ಪತ್ತು ಸಾವಿರ ಎಂದದ್ದು ಅರವತ್ತು ಸಾವಿರ ದಾಟಿತು! ಟಿಸಿಎಸ್ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ಜೀವಾವಧಿ ತೆರಿಗೆಗೆ ಆ ದಾರಿಯಿಲ್ಲ.

ಮಾತಾಡಬೇಕಾದ ಸಾಲುಗಳು ಇವುಗಳ ಕೆಳಗಿವೆ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಡೀಲರುಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ನಿಯಮ ತಂದಿದೆ, ಅದರಂತೆ ಗಿರಾಕಿಯನ್ನು ಬಲವಂತಪಡಿಸುವ ಹಾಗಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಕಾರಿನ ಸ್ವಂತ ಹಾನಿಯ ಭಾಗಕ್ಕೆ ಮಾತ್ರ ಒಂದು ವರ್ಷ ಸಾಕು. ಹೊರಗೆ ಒಂದೆರಡು ಕಡೆ ದರ ಕೇಳಿ ಆ ಹಾಳೆಯನ್ನು ಮೇಜಿನ ಮೇಲಿಟ್ಟರೆ ಮ್ಯಾನೇಜರ್ ಮಾತಿನ ಧಾಟಿ ಎಷ್ಟೋ ಸಲ ಬದಲಾಗುತ್ತದೆ. ಆದರೆ ವಿಮೆಯಲ್ಲಿ ಕಾರಿಗೆ ಕಟ್ಟಿದ ಬೆಲೆ ಎರಡೂ ಕಡೆ ಒಂದೇ ಇದೆಯೇ ಎಂದು ನೋಡಬೇಕು; ಅದನ್ನು ಇಳಿಸಿ ಕಂತು ಕಡಿಮೆ ತೋರಿಸುವುದು ಸುಲಭ. ‘ಹ್ಯಾಂಡ್ಲಿಂಗ್ ಚಾರ್ಜು’ ಎಂಬ ಸಾಲು ಕಂಡರೆ ಅದು ಯಾವ ಸೇವೆಗೆ, ರಸೀದಿ ಕೊಡುತ್ತೀರಾ ಎಂದು ಕೇಳಿದರೆ ಸಾಕು. ಆಕ್ಸೆಸರಿ ಪ್ಯಾಕ್ ತೆಗೆದುಕೊಳ್ಳಲೇಬೇಕು ಎಂದರೂ ಅಂಥದೇ ಪ್ರಶ್ನೆ.

ಸಾಲದ ಮೇಜಿನಲ್ಲಿ ಕುಟುಂಬಗಳು ಅತಿ ಹೆಚ್ಚು ಕಳೆದುಕೊಳ್ಳುತ್ತವೆ, ಆದರೆ ಅತಿ ಕಡಿಮೆ ಹೊತ್ತು ಕೂರುವುದೂ ಅಲ್ಲೇ. ‘ಬರೀ ಆರು ಪರ್ಸೆಂಟ್ ಸರ್’ ಎಂಬ ಮಾತು ಫ್ಲಾಟ್ ದರದ್ದಾದರೆ, ಏಳು ಲಕ್ಷಕ್ಕೆ ಐದು ವರ್ಷದ ಬಡ್ಡಿ 2,10,000, ತಿಂಗಳ ಕಂತು ಸುಮಾರು 15,170. ಅಸಲು ತೀರಿದಂತೆ ಬಡ್ಡಿ ಇಳಿಯುವ ಬ್ಯಾಂಕಿನ ಲೆಕ್ಕದಲ್ಲಿ ಇದೇ ಕಂತು ಶೇ 11ರ ಹತ್ತಿರದ ಸಾಲ. 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆ ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ತೋರಿಸುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಯಲಹಂಕದಲ್ಲಿ ಕೂತು ಅದನ್ನು ಕನ್ನಡದಲ್ಲಿ ಕೇಳುವುದಕ್ಕೆ ಯಾರೂ ಹಿಂಜರಿಯಬೇಕಿಲ್ಲ.

ಹೊತ್ತು ನೋಡಿ ಹೋಗುವುದೂ ಒಂದು ಉಪಾಯ. ಆಷಾಢದಲ್ಲಿ ನಮ್ಮವರು ಗಾಡಿ ಮನೆಗೆ ತರುವುದಿಲ್ಲ. ಶೋರೂಮು ಭಣಗುಡುತ್ತದೆ, ‘ಆಷಾಢ ಆಫರ್’ ಬೋರ್ಡು ಮೇಲೇರುತ್ತದೆ. ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣದಲ್ಲಿ ಕಾರು ಇಳಿಸಿಕೊಳ್ಳುವವರಿದ್ದಾರೆ. ಇವರು ಒಂದು ಮಾತನ್ನು ಬರಹದಲ್ಲಿ ಪಡೆಯಬೇಕು: ನಡುವೆ ಬೆಲೆ ಏರಿದರೆ ಯಾವ ದಿನದ ಬೆಲೆ, ಒಪ್ಪಿದ ರಿಯಾಯಿತಿ ಉಳಿಯುತ್ತದೆಯೇ? ಬುಕಿಂಗ್ ಫಾರಂನ ಸಣ್ಣಕ್ಷರದಲ್ಲಿ ಸಾಮಾನ್ಯವಾಗಿ ಡೆಲಿವರಿ ದಿನದ ಬೆಲೆ ಎಂದೇ ಇರುತ್ತದೆ. ಆಯುಧಪೂಜೆಗೆ ಎರಡು ದಿನ ಮುಂಚೆ ಹೋದವರ ಮಾತು ಅಷ್ಟು ನಡೆಯುವುದಿಲ್ಲ, ಆಗ ಕಾರು ಸಿಕ್ಕರೆ ಸಾಕು ಎಂಬ ಪರಿಸ್ಥಿತಿ.

ಟೆಸ್ಟ್ ಡ್ರೈವಿಗೆ ಬಳ್ಳಾರಿ ರಸ್ತೆಯ ನೇರ ದಾರಿಯಲ್ಲಿ ಓಡಿಸಿ ತೋರಿಸುತ್ತಾರೆ. ಕಾರು ದಿನವೂ ನಿಲ್ಲುವುದು ಆರ್.ಟಿ. ನಗರದ ಅಡ್ಡರಸ್ತೆಯಲ್ಲಾದರೆ ಅಲ್ಲಿಗೇ ಕೊಂಡೊಯ್ಯಲು ಹೇಳಬೇಕು. ಎರಡೂ ಕಡೆ ಗಾಡಿ ನಿಂತ ಬೀದಿಯಲ್ಲಿ ತಿರುಗಿಸಿ, ಹಂಪ್ ಹತ್ತಿಸಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಒಮ್ಮೆ ನಿಲ್ಲಿಸಿ ಹೊರಡಿಸಿ ನೋಡಿದರೆ, ಆ ಹುಡುಗ ಅರ್ಧ ಗಂಟೆ ಹೇಳಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಮಾತು ಕೆಟ್ಟು, ಮುಂಗಡ ಹಿಂದಿರುಗದೆ ಹೋದರೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 50 ಲಕ್ಷದವರೆಗಿನ ವ್ಯವಹಾರಗಳ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತದೆ, ಐದು ಲಕ್ಷದವರೆಗೆ ಶುಲ್ಕವೇ ಇಲ್ಲ. ಅಲ್ಲಿಯೂ ಕೇಳುವುದು ರಸೀದಿ, ಕೊಟೇಶನ್, ವಾಟ್ಸ್‌ಆ್ಯಪ್ ಸಂದೇಶ. ‘ಬಾಯಲ್ಲಿ ಹೇಳಿದ್ದರು’ ಎಂಬುದನ್ನು ಸಾಬೀತು ಮಾಡುವುದು ಕಷ್ಟ.

ಇನ್ನು ಡೆಲಿವರಿ ದಿನ. ಕಾರಿಗೆ ಹೂವಿನ ಹಾರ ಬಿದ್ದಿರುತ್ತದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿರುತ್ತದೆ, ಮೊಬೈಲುಗಳು ಮೇಲೆದ್ದಿರುತ್ತವೆ. ಆ ಸಡಗರದಲ್ಲಿ ಬಾನೆಟ್ ತೆಗೆಯಿರಿ ಎನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ಅದಕ್ಕೇ ತಿಳಿದವರು ಪೂರ್ತಿ ಹಣ ಕಟ್ಟುವ ಮುನ್ನವೇ, ನೋಂದಣಿಗೂ ಮೊದಲು, ಯಾರ್ಡಿಗೆ ಹೋಗಿ ಹಗಲು ಬೆಳಕಿನಲ್ಲಿ ಕಾರು ನೋಡಿ ಬರುತ್ತಾರೆ. ಚಾಸಿ ನಂಬರನ್ನು ಬಿಲ್ಲಿನ ಜೊತೆ ಒಂದೊಂದೇ ಅಕ್ಷರ ಕೂಡಿಸಿ ನೋಡುತ್ತಾರೆ, ಯಾವ ತಿಂಗಳು ತಯಾರಾದದ್ದು ಎಂದು ವಿಚಾರಿಸುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರ್ ನೋಡುತ್ತಾರೆ, ಬಾಗಿಲಂಚಿನ ಪೇಂಟಿನ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ಕೆಎ 50 ಎಂದು ಯಲಹಂಕದ ಅಥವಾ ಕೆಎ 04 ಎಂದು ಯಶವಂತಪುರದ ನಂಬರು ಬಿದ್ದ ಕಾರು ಶೋರೂಮಿನ ಮುಂದೆ ಬಂದು ನಿಂತಾಗ, ಮನೆಯವರೆಲ್ಲ ನಿಶ್ಚಿಂತೆಯಿಂದ ಹತ್ತಿ ಕೂರುತ್ತಾರೆ, ನಿಂಬೆಹಣ್ಣು ಚಿಟ್ಟೆಂದು ಒಡೆಯುತ್ತದೆ, ಕಾರು ರಸ್ತೆಗಿಳಿಯುತ್ತದೆ.